ಚಕ್ರವರ್ತಿಯು ಚೀಲ ಹೊರತಕ್ಕದ್ದಲ್ಲ

ಮನುಷ್ಯ ತನ್ನ ಹೆಸರಿನ ಅರ್ಥಕ್ಕೆ ತಕ್ಕಂತೆ ಬದುಕುತ್ತಾನೆ. ಹಾಗೆ ಬದುಕದಿದ್ದರೆ ತಪ್ಪು ಹೆಸರಿನದಲ್ಲ, ಮನುಷ್ಯನದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಆ ವರ್ಷ ಇದನ್ನು ಎಲ್ಲರೂ ನಂಬಿದ್ದರು. ಇನ್ನೂ ನಂಬದವರಿಗೆ ಮಾರ್ಚ್ ಕೊನೆಯವರೆಗೆ ಕಾಲಾವಕಾಶ ಕೊಡಲಾಗಿತ್ತು.

ಇದರ ಜಾರಿಗೆಂದು ಹಾವೇರಿಯಲ್ಲಿ ‘ನಾಮಾರ್ಥ ಹೊಂದಾಣಿಕೆ ಕೋಶ’ ಎಂಬ ಕಚೇರಿ ತೆರೆಯಿತು. ಯಾವ ಪರವಾನಗಿ ನವೀಕರಣವಾಗಬೇಕಾದರೂ ಕೋಶದ ಠಸ್ಸೆ ಬೀಳಬೇಕು. ಅದರ ಅಧಿಕಾರಿ ಅಂದಾನೆಪ್ಪನವರ ಸ್ವಂತ ಹೆಸರಿನ ಅರ್ಥವನ್ನು ಯಾರೂ ಕೇಳಲಿಲ್ಲ. ಕೋಶದ ಸಿಬ್ಬಂದಿಗೆ ನಿಯಮಗಳು ಅನ್ವಯಿಸುವುದಿಲ್ಲ ಎಂಬುದೇ ಮೊದಲನೆಯ ನಿಯಮವಾಗಿತ್ತು.

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲ ಕೈಸರ ತನ್ನ ಹಮಾಲಿ ಪರವಾನಗಿಯ ಬಿಲ್ಲೆ ನವೀಕರಿಸಲು ಅಲ್ಲಿಗೆ ಬಂದ. ಬಿಲ್ಲೆ ಇಲ್ಲದೆ ಪೇಟೆಯಲ್ಲಿ ಚೀಲ ಮುಟ್ಟುವಂತಿಲ್ಲ. ಚೀಲ ಮುಟ್ಟದೆ ಅವನ ಮನೆಯಲ್ಲಿ ಒಲೆ ಹತ್ತುವಂತಿಲ್ಲ. ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಸರದಿಯಲ್ಲಿ ನಿಂತವರ ಕಥೆ ಕೇಳುತ್ತ ಅವನಿಗೆ ಹೊತ್ತು ಹೋಯಿತು. ಹುಮಾ ಎಂದರೆ ಪಾರಸಿ ಕಥೆಗಳಲ್ಲಿ ನೆಲಕ್ಕಿಳಿಯದೆ ಹಾರುತ್ತಲೇ ಇರುವ ಹಕ್ಕಿ. ಆದ್ದರಿಂದ ಹುಮಾ ಟೀಚರ ಕುರ್ಚಿಯನ್ನು ಶಾಲೆಯಿಂದ ತೆಗೆಸಲಾಗಿತ್ತು. ಅಲ್ಲಾಬಕ್ಷ ಎಂದರೆ ದೇವರ ಕೊಡುಗೆ. ಕೊಟ್ಟವರ ಸಹಿಯುಳ್ಳ ದಾನಪತ್ರ ತರಲು ಅವನಿಗೆ ನೋಟಿಸು ಹೋಗಿತ್ತು. ಕುಪ್ಪೇಲೂರಿನ ಗುಡದಪ್ಪ ಬಯಲಿನಲ್ಲಿ ಮನೆ ಕಟ್ಟಿದ್ದ; ಅಂಗಳದಲ್ಲಿ ಗುಡ್ಡ ನಿರ್ಮಿಸುವುದಾಗಿ ಮುಚ್ಚಳಿಕೆ ಬರೆದುಕೊಟ್ಟ. ಲಾರಿಗಳ ಮಾಲೀಕ ಫಕ್ಕೀರಸಾಬನ ಪ್ರಕರಣ ಎಲ್ಲಕ್ಕಿಂತ ಸರಳವಾಗಿತ್ತು. ಫಕೀರನಿಗೆ ಆಸ್ತಿ ಇರಬಾರದು. ಲಾರಿಗಳು ಕೋಶದ ವಶಕ್ಕೆ ಬಂದವು. ಈಗ ಅವುಗಳಲ್ಲಿ ಅಂದಾನೆಪ್ಪನವರ ಅಳಿಯನ ಇಟ್ಟಿಗೆ ಹೋಗುತ್ತಿತ್ತು. ಫಕ್ಕೀರಸಾಬ ಆದೇಶದ ಪ್ರಕಾರ ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಜೋಳಿಗೆ ಹಿಡಿದು ಕುಳಿತಿದ್ದ.

ಕೈಸರನ ಪಾಳಿ ಬಂತು.

“ಏನಪಾ, ಕೈಸರ ಅಂದ್ರ ಏನಂತ ಗೊತ್ತೈತೇನು?” ಅಂದಾನೆಪ್ಪನವರು ಕೇಳಿದರು.

“ನಾನರೀ ಸಾಹೇಬ್ರ.”

ಅಂದಾನೆಪ್ಪನವರು ದಪ್ಪ ನಿಘಂಟೊಂದನ್ನು ತೆರೆದರು. “ರೋಮ್‌ನ್ಯಾಗ ಸೀಸರ್ ಅಂತಿದ್ರು. ಅರಬ್ಬರ ಕಡೆ ಬಂದು ಅದು ಕೈಸರ್ ಆತು. ರಷ್ಯಾಕ್ಕ ಹೋಗಿ ಜಾರ್ ಆತು. ಎಲ್ಲಿ ಹೋದ್ರೂ ಅರ್ಥ ಒಂದ, ಚಕ್ರವರ್ತಿ.”

“ಅಷ್ಟೆಲ್ಲಾ ತಿರಗಿ ಬ್ಯಾಡಗಿಗೆ ಬಂದೈತಿ ಅಂದ್ರ ದಣದಿರತೈತ್ರಿ. ಅದನ್ನ ಬಿಡ್ರಿ, ಬಿಲ್ಲೆ ಕೊಡ್ರಿ.”

“ಚಕ್ರವರ್ತಿ ಮಂದಿ ಚೀಲ ಹೊರಾಕ ಬರಂಗಿಲ್ಲ.”

“ಹಂಗಾರ ಹೆಸರ ಬದಲಿ ಮಾಡ್ಕೋತೇನ್ರಿ.”

“ಮಾಡ್ಕೋ. ಮೂಲಸ್ಥಾನದಿಂದ ನಿರಾಕ್ಷೇಪಣಾ ಪತ್ರ ಬೇಕು. ರೋಮ್ ಚಕ್ರವರ್ತಿ ಸಹಿ, ಶಿಕ್ಕಾ.”

“ಅವರು ಈಗ ಅದಾರೇನ್ರಿ?”

“ಅದು ನಮ್ಮ ಕೋಶದ ವ್ಯಾಪ್ತಿಗೆ ಬರೂದಿಲ್ಲ.”

ಗುಮಾಸ್ತೆ ಸುನಿತಾ ಕಡತದಿಂದ ತಲೆ ಎತ್ತಿದಳು. “ಸರ್, ಚಕ್ರವರ್ತಿಗಳಿಗೆ ಏಕವಚನ ಹಚ್ಚೀರಿ.”

ಅಂದಾನೆಪ್ಪನವರು ಎದ್ದು ನಿಂತರು. “ತಪ್ಪಾತ್ರಿ. ದಯಮಾಡಸ್ರಿ,” ಎಂದು ಬಾಗಿಲು ತೋರಿಸಿದರು.

ಮರುದಿನ ಪೇಟೆಯ ಗೋಡೆಗೆ ಪ್ರಕಟಣೆ ಅಂಟಿತು. ಶ್ರೀ ಕೈಸರ ಅವರು ಇನ್ನು ಮುಂದೆ ಚೀಲ ಹೊರತಕ್ಕದ್ದಲ್ಲ. ಅವರ ಸಮ್ಮುಖದಲ್ಲಿ ಯಾರೂ ಕುಳಿತುಕೊಳ್ಳತಕ್ಕದ್ದಲ್ಲ. ಅವರ ಸಾಮ್ರಾಜ್ಯದ ಮಂಜೂರಾತಿ ಪರಿಶೀಲನೆಯಲ್ಲಿದೆ.

ಚೀಲಗಳ ರಾಶಿಯ ಪಕ್ಕ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂತು. ಕೈಸರ ಅದರಲ್ಲಿ ಕುಳಿತು ಬೇರೆಯವರ ಬೆನ್ನು ನೋಡತೊಡಗಿದ. ಮಧ್ಯಾಹ್ನ ಅವನ ಜೊತೆಗಾರ ಹಮಾಲ ಯಲ್ಲೇಶ ಬುತ್ತಿ ಹಿಡಿದು ಬಂದು ಬಾಗಿ ನಿಂತ.

“ಬಾದಶಾ, ಹಸದೀರೇನು?”

“ಹಸದೇನಲೇ.”

“ನಮಗೂ ಹಸದೈತ್ರಿ. ಆದ್ರ ನಿಮ್ಮ ಮುಂದ ಕುಂತು ಉಣ್ಣಂಗಿಲ್ಲ. ಅತ್ಲಾಗ ಹೊಕ್ಕೇವ್ರಿ,” ಎಂದು ಯಲ್ಲೇಶ ಬುತ್ತಿಸಮೇತ ಮರೆಯಾದ.

ಸಂಜೆ ಮನೆಯಲ್ಲಿ ಹೆಂಡತಿ ದಿಲನಾಜ ಖಾಲಿ ಬುಟ್ಟಿಯನ್ನು ಬೋರಲು ಹಾಕಿದಳು. “ಕಂದಾಯ ಎಷ್ಟು ಬಂತ್ರಿ ಇವತ್ತು?”

“ಸಾಮ್ರಾಜ್ಯ ಇನ್ನಾ ಪರಿಶೀಲನೆಯೊಳಗ ಐತಿ.”

“ರೊಟ್ಟೀನೂ ಪರಿಶೀಲನೆಯೊಳಗ ಐತಿ. ಮಕ್ಕೋರಿ.”

ಆ ವಾರ ಅವಳು ಪಕ್ಕದ ಮನೆಯಿಂದ ಹಿಟ್ಟು ಕಡ ತಂದಳು. ಪಕ್ಕದವರು ಅದನ್ನು ಕಪ್ಪಕಾಣಿಕೆ ಎಂದು ಕರೆದು ಕೊಟ್ಟರು. ಎರಡನೆಯ ಸಲ ಕೇಳಿದಾಗ ಕ್ಷಾಮ ಎಂದರು.

ಹೀಗಿರುವಾಗ ಕೈಸರನ ತಾಯಿ ಬಿಸ್ಮಿಲ್ಲಾಬಿ ಮೇಡ್ಲೇರಿಯಿಂದ ಬಂದಳು. ದುಡಿಯುವ ಹೊತ್ತಿನಲ್ಲಿ ಮಗ ಕುರ್ಚಿಯಲ್ಲಿ ಕುಳಿತಿದ್ದನ್ನು ನೋಡಿ, “ಏನಲೇ, ಸೊಂಟ ಹಿಡದೈತೇನು?” ಎಂದಳು.

ಮಗ ರೋಮ್‌ನಿಂದ ಶುರುಮಾಡಿ ಎಲ್ಲ ಹೇಳಿದ.

“ಯಾವ ರೋಮೋ ಮಾರಾಯ. ನೀ ಹೊಟ್ಟ್ಯಾಗಿದ್ದಾಗ ದವಾಖಾನಿಗೆ ಹೊಂಟಿದ್ದೆ. ದಾರ್ಯಾಗ ಬಸ್ಸು ಕೆಟ್ಟ ನಿಂತಿತು. ಹಿಂದ ಮೆಣಸಿನಕಾಯಿ ಲಾರಿ ಬಂತು, ಚೀಲದ ಮ್ಯಾಲ ಮಲಗಿಸಿದ್ರು. ಅಲ್ಲೇ ಹುಟ್ಟಿದಿ, ಅಳಲಿಲ್ಲ, ಸೀನಿದಿ. ಲಾರಿ ಹಣಿಮ್ಯಾಲಿನ ಫಲಕದಾಗ ಕೈಸರ ಅಂತ ಬರದಿತ್ತು. ಲಾರಿ ಋಣ ಅಂತ ಅದನ್ನ ಇಟ್ಟೆ.”

ಕೈಸರ ಕುರ್ಚಿ ಬಿಟ್ಟೆದ್ದು, ತಾಯಿಯನ್ನು ಕರೆದುಕೊಂಡು ಹಾವೇರಿಯ ಬಸ್ಸು ಹತ್ತಿದ.

ಅಂದಾನೆಪ್ಪನವರು ಬಿಸ್ಮಿಲ್ಲಾಬಿಯ ಹೇಳಿಕೆಯನ್ನು ಗಂಭೀರವಾಗಿ ಕೇಳಿಸಿಕೊಂಡು ನಿಘಂಟು ಮುಚ್ಚಿದರು. “ಅಂದ್ರ ಹೆಸರಿನ ಮೂಲ ರೋಮ್ ಅಲ್ಲ, ಲಾರಿ.”

“ಹೌದ್ರಿ.”

“ಲಾರಿ ಚೀಲ ಹೊರಬಹುದು. ಅಡ್ಡಿಯಿಲ್ಲ.”

ಕೈಸರ ಎರಡೂ ಕೈ ಮುಗಿದ. ಬಿಲ್ಲೆಗೆ ಠಸ್ಸೆ ಬಿತ್ತು. ಅದರೊಂದಿಗೆ ಇನ್ನೊಂದು ಆದೇಶವೂ ಕೈಗೆ ಬಂತು. ಆತ ಎದೆ ಮತ್ತು ಬೆನ್ನಿಗೆ ನಂಬರ್ ಪ್ಲೇಟು ಹಾಕಿಕೊಳ್ಳತಕ್ಕದ್ದು. ಸಂಜೆಯ ನಂತರ ಹಿಂದೆ ಕೆಂಪು ದೀಪ ಉರಿಸತಕ್ಕದ್ದು. ವರ್ಷಕ್ಕೊಮ್ಮೆ ಹೊಗೆ ತಪಾಸಣೆಗೆ ಹಾಜರಾಗತಕ್ಕದ್ದು. ಹಿಂದಕ್ಕೆ ಸರಿಯುವಾಗ ಎಚ್ಚರಿಕೆಯ ಸಪ್ಪಳ ಕಡ್ಡಾಯ.

“ಸಪ್ಪಳಾ ಬಾಯಿಲೆ ಮಾಡಿದ್ರ ನಡೀತೈತೇನ್ರಿ?”

“ಕೋಶದ ಅಭ್ಯಂತರ ಇಲ್ಲ.”

“ಮತ್ತ ಬೀಡಿ ಸೇದಿದ್ರ?”

“ಅದನ್ನ ಹೊಗೆ ತಪಾಸಣಿಯೊಳಗ ನೋಡ್ತಾರ.”

ಮರುದಿನದಿಂದ ಪೇಟೆಯಲ್ಲಿ ಎಲ್ಲವೂ ಮೊದಲಿನಂತೆ ನಡೆಯಿತು. ಕೈಸರ ಚೀಲ ಹೊತ್ತ. ಹಿಂದೆ ಸರಿಯುವಾಗ ಕುಂಯ್ ಕುಂಯ್ ಎಂದ. ದಿಲನಾಜ ಅವನ ಸೊಂಟಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಕಳಿಸತೊಡಗಿದಳು. ಒಲೆ ಹತ್ತಿತು, ಕಡ ತಂದ ಹಿಟ್ಟು ವಾಪಸಾಯಿತು. ಪೇಟೆಗೆ ಬಂದವರು ಅವನನ್ನು ಬಲಗಡೆಯಿಂದಲೇ ದಾಟಿ ಹೋಗುತ್ತಿದ್ದರು. ಯಾರಿಗೂ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ತನಗೂ ಒಂದು ದೀಪ ಬೇಕೆಂದು ಯಲ್ಲೇಶ ಅರ್ಜಿ ಕೊಟ್ಟ.

ಕಡತ ಮುಚ್ಚಲು ಒಂದು ಕಾಲಂ ಮಾತ್ರ ಬಾಕಿ ಇತ್ತು: ಲಾರಿಗೆ ಆ ಹೆಸರು ಬಂದ ಕಾರಣ. ಕೈಸರ ಹುಟ್ಟಿದಾಗ ಆ ಲಾರಿ ಫಕ್ಕೀರಸಾಬನದಾಗಿತ್ತೆಂದು ಹಳೆಯ ದಾಖಲೆಯಲ್ಲಿ ಸಿಕ್ಕಿತು. ಸುನಿತಾ ಬೇವಿನ ಮರದ ಕೆಳಗೆ ಹೋಗಿ ಕೇಳಿದಳು.

ಫಕ್ಕೀರಸಾಬ ಜೋಳಿಗೆ ಬದಿಗಿಟ್ಟ. “ಆ ಫಲಕ ಗುಜರಿಯೊಳಗ ಬಿದ್ದಿತ್ತು ತಂಗಿ. ನನ್ನ ಲಾರಿ ಅಳತಿಗೆ ಕುಂತಿದ್ದು ಅದೊಂದ.”