ನಾರ್ವೆ ದೇಶದ ಹೊಸ್ತಿಲಲ್ಲಿ ಧರಣಿ

ಬಾಕಿ ಇಟ್ಟುಕೊಂಡು ವಿಶಾಲಾಕ್ಷಿಯಿಂದ ತಪ್ಪಿಸಿಕೊಂಡವರು ತೆಲುಗು ನಾಡಿನ ಕುಷಾಯಿಗೂಡದಲ್ಲಿ ಇನ್ನೂ ಹುಟ್ಟಿಲ್ಲ! ಆಕೆಯ ವಸೂಲಿ ಪದ್ಧತಿ ಬಹಳ ಸರಳ. ಬಾಕಿದಾರರ ಮನೆಗೆ ಹೋಗಿ ಹೊಸ್ತಿಲ ಮುಂದೆ ಕೂತುಬಿಡುವುದು. ನೀರು ಕೊಟ್ಟರೆ ಕುಡಿಯುವುದಿಲ್ಲ, ಮಾತಾಡಿಸಿದರೆ ಮಾತಾಡುವುದಿಲ್ಲ. ಚೀಟಿ ನಡೆಸುತ್ತಿದ್ದ ಘನವಂತರೊಬ್ಬರು ಮುಕ್ಕಾಲು ಗಂಟೆಯಲ್ಲೇ ಶರಣಾಗಿ, ಅಸಲಿನ ಜೊತೆಗೆ ಆಟೋ ಬಾಡಿಗೆಯನ್ನೂ ಕೊಟ್ಟು ಕೈಮುಗಿದಿದ್ದರು.

ಆದರೆ ನಾರ್ವೆ ದೇಶದ ಹೊಸ್ತಿಲನ್ನು ಎಲ್ಲಿ ಹುಡುಕುವುದು?

ವಿಶಾಲಾಕ್ಷಿ ಹಳೆಯ ಇಳಕಲ್ ಸೀರೆಗಳಿಂದ ಕೌದಿ ಹೊಲಿಸಿ ಮಾರುತ್ತಾಳೆ. ಕೊಂಡಾಪುರದಲ್ಲಿರುವ ಮಗಳು ಸ್ನೇಹಲತಾ ಅವುಗಳ ಫೋಟೋ ಆನ್‌ಲೈನಿನಲ್ಲಿ ಹಾಕುತ್ತಾಳೆ. ಇಂಗ್ರಿಡ್ ಎಂಬ ನಾರ್ವೆಯ ಹೆಂಗಸು ಒಂದೇ ಏಟಿಗೆ ಆರು ಕೌದಿ ತರಿಸಿಕೊಂಡಳು. ಕೌದಿ ಮುಟ್ಟಿ ಮೂರು ವಾರವಾದರೂ ಅರವತ್ತು ಸಾವಿರ ರೂಪಾಯಿಯ ಸುಳಿವೇ ಇಲ್ಲ! ಕೇಳಿದರೆ, ಬ್ಯಾಂಕಿಗೆ ಹಾಕಿದ್ದೇನೆ ಎಂದು ಒಂದೇ ಸಾಲಿನ ಮೆಸೇಜು.

“ಹಾಕೀನಿ ಅನ್ನೋದು ಎಲ್ಲಾ ದೇಶದ ಬಾಕಿದಾರ್ರ ರಾಷ್ಟ್ರಗೀತಿ!” ಎಂದು ವಿಶಾಲಾಕ್ಷಿ ಮೂಗು ಮುರಿದಳು.

ಗುರುವಾರ ಮಧ್ಯಾಹ್ನ ಸುಗಲಮ್ಮ ಬಂದಳು. ಆರೂ ಕೌದಿಗಳನ್ನು ಹೊಲಿದವಳು ಈಕೆಯೇ. ಯಾದಗಿರಿ ಕಡೆಯವಳು, ಹಗಲೆಲ್ಲ ಕಟ್ಟಡದ ಕೆಲಸ, ಸಂಜೆಗೆ ಸೂಜಿ. ಬಸುರಿ ಮಗಳ ಕುಬಸಕ್ಕೆಂದು ಮರುದಿನ ಬೆಳಗಿನ ಬಸ್ಸಿಗೆ ಊರಿಗೆ ಹೊರಟಿದ್ದಳು. ಹದಿನೆಂಟು ಸಾವಿರ ಕೂಲಿ ಬರಬೇಕಿತ್ತು.

“ಅಕ್ಕಾರ, ಹಸಿರು ಸೀರಿ ತಗೋಬೇಕ್ರಿ, ಬಳಿ ತಗೋಬೇಕ್ರಿ. ಬೀಗರ ಮುಂದ ಬರೀಗೈಲೆ ಹೆಂಗ ನಿಂದರ್ಲಿ?”

“ಸಂಜಿ ಒಳಗ ನಿನ್ನ ಕೈಯಾಗ ಎಣಿಸ್ತೀನಿ. ಇಲ್ಲಂದ್ರ ನನ್ನ ಹೆಸರು ವಿಶಾಲಾಕ್ಷಿ ಅಲ್ಲ!”

“ಹೊಸ ಹೆಸರು ಈಗಲೇ ಹುಡುಕಿ ಇಟಗೋ,” ಎಂದರು ಒಳಗಿನಿಂದ ಗಂಡ ಗುರುಬಸವಪ್ಪ. ಅವರ ಆ ತಿಂಗಳ ಪಿಂಚಣಿ ಪೂರ್ತಿ ಹೊಸ ಹಲ್ಲಿನ ಸೆಟ್ಟಿಗೆ ಹೋಗಿತ್ತು. ಅದನ್ನು ತೋರಿಸಿ ನಗಲೇಬೇಕಲ್ಲ!

ವಿಶಾಲಾಕ್ಷಿ ಎದ್ದಳು. ನಾರ್ವೆಗೆ ಹೋಗಲಾಗದಿದ್ದರೆ ವಿಡಿಯೋ ಕಾಲ್ ಹೋಗುತ್ತದಲ್ಲ! ತನ್ನದೇ ಹೊಸ್ತಿಲ ಮೇಲೆ ಪದ್ಮಾಸನ ಹಾಕಿ ಕೂತು, ಎದುರಿನ ತುಳಸಿ ಕುಂಡಕ್ಕೆ ಫೋನು ಆನಿಸಿ ಕರೆ ಹಚ್ಚಿದಳು. ಇಂಗ್ರಿಡ್ ಕಾಣಿಸಿದಳು. ವಿಶಾಲಾಕ್ಷಿ ರೆಪ್ಪೆ ಮಿಟುಕಿಸಲಿಲ್ಲ, ತುಟಿ ಬಿಚ್ಚಲಿಲ್ಲ. ಧರಣಿ ಶುರು!

ಆಕೆ ಏನೇನೋ ಕೇಳಿದಳು. ಐದು ನಿಮಿಷ ದಿಟ್ಟಿಸಿದ ಇಂಗ್ರಿಡ್‌ಗೆ ಏನೋ ಹೊಳೆದಂತಾಯಿತು. ಓಡಿಹೋಗಿ ಕೌದಿ ಹೊದ್ದುಕೊಂಡು ಬಂದಳು, ಮೇಣದ ಬತ್ತಿ ಹಚ್ಚಿದಳು, ತಾನೂ ಪದ್ಮಾಸನ ಹಾಕಿ ಕಣ್ಣು ಮುಚ್ಚಿದಳು. ಇಪ್ಪತ್ತು ನಿಮಿಷಕ್ಕೆ ಇನ್ನಿಬ್ಬರು ಗೆಳತಿಯರು ಬಂದು ಪಕ್ಕದಲ್ಲಿ ಕೂತರು!

“ವಸೂಲಿ ಮಾಡಾಕ ಹೋಗಿ ಮಠಾ ತೆಗದಿ ನೋಡು,” ಎಂದರು ಗುರುಬಸವಪ್ಪ, ಹಲ್ಲಿನ ಸೆಟ್ಟು ಪೂರ್ತಿ ತೋರಿಸಿ.

“ನೀವು ಸುಮ್ಮ ಕುಂದರ್ರಿ! ಬಾಕಿ ಕೊಡ್ರಿ ಅಂತ ಆಕಿಗೆ ಇಂಗ್ಲಿಷ್‌ನ್ಯಾಗ ಹೇಳ್ರಿ.”

ಅವರು ಹೇಳಿದರು. ಇಂಗ್ರಿಡ್ ಬೆಚ್ಚಿ ಕಣ್ಣು ಬಿಟ್ಟಳು. ಒಂದು ಕಾಗದ ತಂದು ಪರದೆಗೆ ಹಿಡಿದಳು. ಗುರುಬಸವಪ್ಪ ಕನ್ನಡಕ ಏರಿಸಿ ಓದಿದರು. “ಲೇ, ಆಕಿ ಕಳಿಸಿ ಹದಿನೆಂಟು ದಿನಾ ಆತು!”

ವಿಶಾಲಾಕ್ಷಿ ಇಂಗ್ರಿಡ್‌ಗೆ ಕೈಮುಗಿದು ಕರೆ ಕಡಿದು ಮಗಳಿಗೆ ಹಚ್ಚಿದಳು.

“ಅವ್ವಾ, ಹೊರದೇಶದ ರೊಕ್ಕ ಬಂದ್ರ ಯಾತಕ್ಕ ಬಂತು ಅಂತ ಬ್ಯಾಂಕಿನವ್ರು ಕೇಳ್ತಾರ. ಹೇಳೋತನಾ ತಡೆದಿಡ್ತಾರ. ನಿನಗ ಫೋನ್ ಬರಲಿಲ್ಲೇನು?”

ಬಂದಿದ್ದವು! ದಿನಾ ಬಂದಿದ್ದವು! ‘ಅಮ್ಮಾ, ನಿಮಗೆ ಹೊರದೇಶದಿಂದ ಹಣ ಬಂದಿದೆ’ ಎಂದೇ ಶುರುಮಾಡುತ್ತಿದ್ದರು. ಮೋಸಗಾರರಲ್ಲದೆ ಇಂಥ ಸಿಹಿ ಸುದ್ದಿ ಯಾರು ಕೊಡುತ್ತಾರೆ?

“ನೀನಽ ಹೇಳಿದ್ದೆಲ್ಲವಾ, ಬ್ಯಾಂಕ್ ಅಂತ ಫೋನ್ ಬಂದ್ರ ನಂಬಬ್ಯಾಡ ಅಂತ! ಅದಕ್ಕಽ ಬೈದೆ.”

“ಬೈದಿಯಾ?”

“ಒಂದೀಟು. ಅವರ ಅಜ್ಜನ ತನಕಾ. ಆಮ್ಯಾಲೆ ಬ್ಲಾಕ್ ಮಾಡಿದೆ.”

ಬ್ಯಾಂಕು ಮುಚ್ಚಲು ಅರ್ಧ ಗಂಟೆಯಿತ್ತು. ವಿಶಾಲಾಕ್ಷಿ, ಗುರುಬಸವಪ್ಪ, ಸುಗಲಮ್ಮ ಒಂದೇ ಆಟೋದಲ್ಲಿ ಧಾವಿಸಿದರು. ಕೌಂಟರಿನಲ್ಲಿದ್ದ ಹೇಮಂತ ಎಂಬ ಅಧಿಕಾರಿ ಆಕೆಯ ಹೆಸರು ಕೇಳಿದ್ದೇ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ.

“ಅಮ್ಮಾ, ಮೀರೇನಾ ಆ ವಿಶಾಲಾಕ್ಷಿ?” ನೀವೇನಾ ಆಕೆ ಎಂದು ತೆಲುಗಿನಲ್ಲಿ ಕೇಳಿದ.

ಫಾರಂ ತುಂಬಿದ್ದಾಯಿತು, ಸಹಿ ಹಾಕಿದ್ದಾಯಿತು. ಇನ್ನೊಂದೇ ಬಾಕಿ. ಹೆಡ್ಡಾಫೀಸಿನಿಂದ ಕರೆ ಬರುತ್ತದೆ, ಉತ್ತರ ಕೊಟ್ಟರೆ ಹಣ ಬಿಡುಗಡೆ. ಕಾದರು. ಫೋನು ತೆಪ್ಪಗಿತ್ತು. ಬ್ಲಾಕ್ ಮಾಡುವುದನ್ನು ಕಲಿತಿದ್ದ ವಿಶಾಲಾಕ್ಷಿ ಅದನ್ನು ತೆಗೆಯುವುದನ್ನು ಕಲಿತಿರಲಿಲ್ಲ! ಕೊನೆಗೆ ಬಾಗಿಲ ಕಾವಲುಗಾರ ಬಂದೂಕು ಗೋಡೆಗೆ ಆನಿಸಿಟ್ಟು ಬ್ಲಾಕ್ ತೆಗೆದುಕೊಟ್ಟ. ಕೂಡಲೇ ಫೋನು ಹೊಡೆದುಕೊಂಡಿತು. ಕಿವಿ ಮಂದವಾದ್ದರಿಂದ ಸ್ಪೀಕರು ಹಾಕಿದಳು.

“ಅಮ್ಮಾ,” ಎಂದು ತೆಲುಗಿನಲ್ಲಿ ಶುರುಮಾಡಿತು ಹೆಣ್ಣುದನಿ, ಬ್ಯಾಂಕಿಗೆಲ್ಲ ಕೇಳುವಂತೆ, “ನಿಮ್ಮ ಖಾತೆಯ ಬಗ್ಗೆ ನಮಗೆ ಅನುಮಾನವಿದೆ. ಹಿಂದಿನ ಕರೆಗಳನ್ನೆಲ್ಲ ಒಬ್ಬ ಮಹಾ ಜಗಳಗಂಟಿ ಎತ್ತಿ ಬಾಯಿಗೆ ಬಂದಂತೆ ಬೈದಿದ್ದಾಳೆ. ಎಲ್ಲ ರೆಕಾರ್ಡ್ ಆಗಿದೆ. ನಿಮ್ಮ ಫೋನು ಯಾರಾದರೂ ಕದ್ದಿದ್ದರಾ?”

ಕದ್ದಿದ್ದರು ಎಂದರೆ ಖಾತೆಗೆ ಬೀಗ. ವಿಶಾಲಾಕ್ಷಿ ಸುಗಲಮ್ಮನ ಮುಖ ನೋಡಿದಳು.

“ಇಲ್ರಿ... ಆ ಜಗಳಗಂಟಿ ನಾನಽ ರೀ!”

“ಕನ್ನಡ ಅರ್ಥವಾಗಲಿಲ್ಲಮ್ಮಾ, ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿ.”

ತೆಲುಗಿನಲ್ಲಿ ಹೇಳಿದಳು. ಅನುಮಾನ ಉಳಿಯದಿರಲೆಂದು ಹಿಂದಿಯಲ್ಲೂ ಹೇಳಿದಳು. ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಹಣ ಬಂತು. ಹದಿನೆಂಟು ಸಾವಿರ ಎಣಿಸಿಕೊಂಡ ಸುಗಲಮ್ಮ ನೋಟನ್ನು ಕಣ್ಣಿಗೊತ್ತಿ ಸೀರೆ ಅಂಗಡಿಗೆ ಓಡಿದಳು.

ವಿಶಾಲಾಕ್ಷಿ ತಲೆ ತಗ್ಗಿಸಿ ಬಾಗಿಲವರೆಗೆ ಬಂದು ನೋಡಿದರೆ ಗಂಡ ಹಿಂದಿಲ್ಲ! ಗುರುಬಸವಪ್ಪ ಕೌಂಟರಿನ ಮೇಲೆ ಬಾಗಿ ಹೇಮಂತನ ಕಿವಿಯಲ್ಲಿ ವಿಚಾರಿಸುತ್ತಿದ್ದರು:

“ಸಾಹೇಬ್ರ, ನಲವತ್ತೊಂದು ವರ್ಷದಿಂದ ನಾ ಹೇಳಿದ್ರ ಆಕಿ ಒಪ್ಪಿರಲಿಲ್ರಿ. ಇವತ್ತಿಂದು ಆ ರೆಕಾರ್ಡ್ ನನಗೊಂದು ಕಾಪಿ ಸಿಗತೈತೇನ್ರಿ?”