ಅಗೆಯಲು ಒಂದಿಷ್ಟು ಜಾಗ ಕೊಡಿ

ಮೆಟಲ್ ಡಿಟೆಕ್ಟರು ಹಿಡಿದು ಹೊರಟವನಿಗೆ ನೆಲದ ಕೆಳಗೆ ಏನಾದರೂ ಸಿಗುತ್ತದೆಯೋ ಇಲ್ಲವೋ, ನೆಲದ ಮೇಲೆ ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ. ಮೂರು ವರ್ಷದಿಂದ ನನಗೆ ಇದೇ ಆಗುತ್ತಿದೆ. ಕೋಲಿನ ತುದಿಯ ತಟ್ಟೆಯನ್ನು ನೆಲದ ಮೇಲೆ ಆಡಿಸುತ್ತ ನಡೆಯಬೇಕು, ಲೋಹವಿದ್ದರೆ ಬೀಪ್ ಎನ್ನುತ್ತದೆ. ಹವ್ಯಾಸ ಅಷ್ಟೇ ಸುಲಭ. ಆಡಿಸಲು ಜಾಗ ಸಿಗುವುದೇ ಕಷ್ಟ.

ನಾನು ಪಿಯುಸಿಗೆ ಓದು ಬಿಟ್ಟವನು. ಕಾನೂನು, ಇತಿಹಾಸ, ವಿಚಾರವಾದ ಎಲ್ಲ ಲೈಬ್ರರಿಯಲ್ಲಿ ಕೂತು ಕಲಿತದ್ದು. ಅನ್ಯಾಯ ಕಂಡರೆ ಕರಪತ್ರ ಬರೆಯುತ್ತೇನೆ. ಕೆನಡಾದ ನಮ್ಮ ಕನ್ನಡಿಗರ ರಾಜ್ಯೋತ್ಸವದಲ್ಲಿ ಮೌಢ್ಯದ ವಿರುದ್ಧ ಗುಡುಗುತ್ತೇನೆ, ಮೈಕು ಕಿತ್ತುಕೊಳ್ಳುವ ತನಕ. ಆದರೆ ಹೋದ ವರ್ಷದಿಂದ ಬಾಯಿಗೆ ಬೀಗ. ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಿದ್ದೇವೆ.

"ಪ್ರಮಾಣವಚನ ಆಗೋ ತನಕ ನಿಮ್ಮ ಹೆಸರು ಯಾವ ಪೊಲೀಸರ ಪುಸ್ತಕದಲ್ಲೂ ಬರಬಾರದು ರೀ. ಬಂತೋ, ಫೈಲು ಹೋಯ್ತು" ಎಂದಿದ್ದಾಳೆ ಹೆಂಡತಿ. ಅರ್ಜಿ ಎಲ್ಲಿಗೆ ಬಂತೆಂದು ದಿನಕ್ಕೆ ಆರು ಸಲ ಫೋನು ತೆರೆದು ನೋಡುತ್ತೇನೆ. ಆರು ಸಲವೂ 'ಪರಿಶೀಲನೆಯಲ್ಲಿದೆ'.

ಪಾರ್ಕು

ಮೊದಲು ನಿಯತ್ತಾಗಿ ಪಾರ್ಕಿನ ಆಫೀಸಿಗೆ ಫೋನು ಮಾಡಿದೆ. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ದಾಟಿಸಿದರು. ಕಾಯಿಸುವಾಗ ಹಾಕುವ ಪಿಟೀಲನ್ನು ನಲವತ್ತು ನಿಮಿಷ ಕೇಳಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು.

"ಡಿಟೆಕ್ಟರು ಆಡಿಸಬಹುದಾ?"

"ಧಾರಾಳವಾಗಿ ಸರ್. ಆದರೆ ಅಗೆಯುವ ಹಾಗಿಲ್ಲ."

"ಮತ್ತೆ ಬೀಪ್ ಅಂದರೆ ಏನು ಮಾಡಲಿ?"

"ಕೇಳಿಸಿಕೊಳ್ಳಬಹುದು ಸರ್."

ರಕ್ತ ಕುದಿಯಿತು. ಜನರ ತೆರಿಗೆಯ ಹುಲ್ಲು, ಜನರೇ ಮುಟ್ಟುವ ಹಾಗಿಲ್ಲ! ಬಾಯಿ ತೆರೆದೆ. ಎದುರಿಗೆ ಹೆಂಡತಿ ಸೌಟು ಎತ್ತಿ, ಸದ್ದಿಲ್ಲದೆ ತುಟಿಯಲ್ಲೇ "ಫೈಲು" ಎಂದಳು.

"ತುಂಬಾ ಉಪಕಾರವಾಯಿತು ಮೇಡಂ" ಎಂದು ಫೋನಿಟ್ಟೆ. ನನ್ನ ಜೀವಮಾನದಲ್ಲೇ ಸರ್ಕಾರಕ್ಕೆ ಹೇಳಿದ ಮೊದಲ ಸುಳ್ಳು ಅದು.

ಮರಳು

ಮರಳಿನಲ್ಲಾದರೆ ತಕರಾರಿಲ್ಲ ಎಂದು ಯಾರೋ ಹೇಳಿದರು. ಓಕ್‌ವಿಲ್‌ನ ಕೆರೆದಂಡೆಗೆ ಹೋದೆ. ಇವರು ಕೆರೆ ಅನ್ನುವುದು ನಮ್ಮ ಕಣ್ಣಿಗೆ ಸಮುದ್ರ. ಹಳೆಯ ಜಾಕೆಟ್ಟು, ಮೊಣಕಾಲಿಗೆ ಮಣ್ಣು, ಸೊಂಟಕ್ಕೆ ಚೀಲ. ಎರಡು ಗಂಟೆಯಲ್ಲಿ ಮೂವತ್ತು ಬಾಟಲಿ ಮುಚ್ಚಳ ಸಿಕ್ಕವು. ವಾಕಿಂಗಿಗೆ ಬಂದಿದ್ದ ಉಡುಪಿ ಕಡೆಯ ಹೆಂಗಸೊಬ್ಬರು ನಿಂತರು. ರಾಜ್ಯೋತ್ಸವದಲ್ಲಿ ನನ್ನ ಕೈಯಿಂದ ಮೈಕು ಕಿತ್ತುಕೊಂಡವರು ಅವರೇ.

"ಎಂತ ಮಾರಾಯ್ರೆ, ಮುಚ್ಚಳ ಹೆಕ್ಕುವುದಾ?"

"ಹವ್ಯಾಸ ಮೇಡಂ."

"ಹೌದೌದು" ಎಂದು ನನ್ನ ಚೀಲ ನೋಡಿದರು, ಮುಖ ನೋಡಿದರು. "ಮನೆಯಲ್ಲಿ ಅವರಿಗೆ ಗೊತ್ತುಂಟಾ?"

"ಗೊತ್ತು. ಬೈತಾಳೆ."

"ಬೈಯದೆ ಇರ್ತಾರಾ, ಪಾಪ."

ರಾತ್ರಿಯೊಳಗೆ ಕನ್ನಡಿಗರ ವಾಟ್ಸಾಪು ಗುಂಪಿನಲ್ಲಿ ಸುದ್ದಿ: ನಮ್ಮವರೊಬ್ಬರಿಗೆ ಕೆಲಸ ಹೋಗಿದೆ, ದಂಡೆಯಲ್ಲಿ ಡಬ್ಬಿ ಹೆಕ್ಕುತ್ತಿದ್ದಾರೆ, ಮಾನಸ್ಥರು, ನೇರವಾಗಿ ಕೇಳಬೇಡಿ. ಮರುದಿನ ಮೂರು ಕಡೆಯಿಂದ ಕೆಲಸದ ಕರೆ ಬಂತು. ನನಗೆ ಕೆಲಸ ಇದೆ ಎಂದು ಕೂಗಿ ಹೇಳೋಣವೆಂದಿದ್ದೆ. ಹೇಳಲಿಲ್ಲ. ಮೂರರಲ್ಲಿ ಒಂದು ನನ್ನ ಈಗಿನ ಕೆಲಸಕ್ಕಿಂತ ಚೆನ್ನಾಗಿತ್ತು.

ಹೊಲ

ಸ್ಟೌಫ್‌ವಿಲ್‌ನ ಹೊರಗೆ ಒಬ್ಬ ಮುದುಕ ರೈತ ಒಪ್ಪಿದ. ಬಾಯಿಮಾತು ನಂಬುವವನಲ್ಲ ನಾನು. ನಾಲ್ಕು ಪುಟದ ಕರಾರು ಬರೆದು ಮೂರು ಪ್ರತಿ ಒಯ್ದಿದ್ದೆ. ಅವನು ಕನ್ನಡಕ ಹಾಕಿ ಅರ್ಧ ಪುಟ ಓದಿ, "ನಾನು ಆಗಲೇ ಹೂಂ ಅಂದೆನಲ್ಲಪ್ಪಾ" ಎಂದು ಸಹಿ ಹಾಕಿದ.

ಅರ್ಧ ದಿನಕ್ಕೆ ಒಂದು ತುಕ್ಕು ಹಿಡಿದ ಸ್ಪಾನರು ಸಿಕ್ಕಿತು. ಅಷ್ಟರಲ್ಲಿ ರಸ್ತೆಯಲ್ಲಿ ಪೊಲೀಸ್ ಕಾರು ನಿಂತಿತು. ಪೊಲೀಸಿನವನು ಹತ್ತಿರ ಬರುವ ಮುಂಚೆಯೇ ನಾನು ಎರಡೂ ಕೈ ಎತ್ತಿದ್ದೆ, ಒಂದರಲ್ಲಿ ಕರಾರು, ಇನ್ನೊಂದರಲ್ಲಿ ಸ್ಪಾನರು.

ಅವನು ಜೇಬಿನಿಂದ ಪುಸ್ತಕ ತೆಗೆದ. ಪೆನ್ನು ತೆಗೆದ. "ಯಾವ ಕಂಪನಿಯದು ಈ ಡಿಟೆಕ್ಟರು? ನಮ್ಮ ಮಾವನ ಹುಟ್ಟುಹಬ್ಬಕ್ಕೆ ಒಂದು ಕೊಡಿಸಬೇಕಿತ್ತು."

ಮನೆಗೆ ಬಂದು ನಗುತ್ತ ಹೇಳಿದೆ. ಹೆಂಡತಿ ನಗಲಿಲ್ಲ.

"ಪುಸ್ತಕದಲ್ಲಿ ಬರೆದುಕೊಂಡ್ರಾ?"

"ಡಿಟೆಕ್ಟರಿನ ಹೆಸರು ಕಣೇ."

"ಬರೆದುಕೊಂಡ್ರೋ ಇಲ್ವೋ ಹೇಳಿ!"

"ಬರೆದುಕೊಂಡ."

"ಇನ್ನು ಆ ಡಿಟೆಕ್ಟರು ನಮ್ಮ ಮನೆ ಬೇಲಿ ದಾಟೋ ಹಾಗಿಲ್ಲ" ಎಂದಳು. ವಾರವಿಡೀ ಮೈಸೂರಿನ ತವರಿಗೆ ಪಿಸುಮಾತಿನಲ್ಲಿ ಫೋನು. ಒಂದು ಕೊರಿಯರ್ ಕೂಡ ಬಂತು. ಅರಿಶಿನ ಎಂದಳು, ನಂಬಿದೆ.

ಹಿತ್ತಿಲು

ಬೇಲಿ ದಾಟಬಾರದು ತಾನೇ? ಒಂದು ಶನಿವಾರ ಅವಳು ಅಂಗಡಿಗೆ ಹೋದಾಗ ಬೇಲಿಯೊಳಗೇ ಆಡಿಸಿದೆ. ನನ್ನ ನೆಲ, ನನ್ನ ಹುಲ್ಲು, ಯಾವನ ಅಪ್ಪಣೆಯೂ ಬೇಡ. ಟೊಮೆಟೊ ಗಿಡದ ಬುಡದಲ್ಲಿ ಬೀಪ್! ಮೂರು ವರ್ಷದಲ್ಲಿ ಅಂಥ ಗಟ್ಟಿ ಸದ್ದು ಕೇಳಿರಲಿಲ್ಲ.

ಅಗೆದೆ. ಒಂದು ಗೇಣು ಕೆಳಗೆ ಅಂಗೈಯಗಲದ ತಾಮ್ರದ ತಗಡು. ಮಣ್ಣು ಉಜ್ಜಿದೆ. ಅಕ್ಷರ ಕಂಡವು. ಕನ್ನಡದ ಅಕ್ಷರ!

ಕೆನಡಾದ ಮಣ್ಣಿನಲ್ಲಿ ಕನ್ನಡದ ತಾಮ್ರಶಾಸನ! ನಾವು ಇಲ್ಲಿಗೆ ಯಾವಾಗಲೋ ಬಂದಿದ್ದೆವು, ಇವರೇ ಈಗ ನಮ್ಮ ಹತ್ತಿರ ಅರ್ಜಿ ಹಾಕಬೇಕು! ಕರಪತ್ರದ ಮೊದಲ ವಾಕ್ಯ ತಲೆಯಲ್ಲಿ ಸಿದ್ಧವಾಯಿತು. ಕನ್ನಡಕ ಹಾಕಿ ಶಾಸನ ಓದಿದೆ.

ನನ್ನ ಹೆಸರು. ನನ್ನ ನಕ್ಷತ್ರ. ಕೆಳಗೆ ನಮ್ಮ ಪೌರತ್ವದ ಅರ್ಜಿಯ ನಂಬರು.

ಹಿಂದೆ ಅಂಗಡಿಯ ಚೀಲ ಬಿದ್ದ ಸದ್ದಾಯಿತು.

"ಅಯ್ಯೋ! ಕೆಲಸ ಆಗೋ ತನಕ ಯಂತ್ರ ಮಣ್ಣಿಂದ ತೆಗೀಬಾರದು ಅಂತ ಮೈಸೂರಿನ ಜೋಯಿಸರು ಅಂದಿದ್ರು ಕಣ್ರೀ! ತೆಗೆದ್ರೆ ಬಂದಿದ್ದೂ ವಾಪಸ್ ಹೋಗುತ್ತಂತೆ!"

"ಇದೆಲ್ಲ ಮೌಢ್ಯ ಕಣೇ" ಎಂದೆ. ಮತ್ತೆ ಹೂಳಲು ನಾನಾಗಲೇ ಮಂಡಿಯೂರಿದ್ದೆ.

"ತಗಡಿನ ಮುಖ ಯಾವ ಕಡೆಗಿತ್ತು? ಪೂರ್ವಕ್ಕೇ ಇರಬೇಕು."

ನೋಡಿರಲಿಲ್ಲ. ಫೋನಿನ ದಿಕ್ಸೂಚಿ ತೆರೆದೆ. ಮುಳ್ಳು ಹುಚ್ಚು ಹಿಡಿದ ಹಾಗೆ ಸುತ್ತಿತು.

"ಆ ದರಿದ್ರ ಡಿಟೆಕ್ಟರು ದೂರ ಇಡ್ರೀ, ಅದಕ್ಕೇ ತಿರುಗ್ತಿದೆ!"

ಬೇಲಿಯ ಹತ್ತಿರ ಇಟ್ಟು ಬಂದೆ. ಮುಳ್ಳು ನಿಂತಂತೆ ಕಂಡಿತು. ತಗಡಿಟ್ಟು, ಮಣ್ಣು ಮುಚ್ಚಿ, ನೀರು ಹಾಕಿದೆವು.

ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಫೋನಿಗೆ ತಲೆ ಬಗ್ಗಿಸಿ ನೋಡಿದೆವು. 'ಪರಿಶೀಲನೆಯಲ್ಲಿದೆ'.

ಆಮೇಲೆ ಒಬ್ಬರು ಮೆಲ್ಲಗೆ ಹೇಳಿದರು: "ದಿಕ್ಕು ಒಂಚೂರು ತಪ್ಪಿದೆ ಅನ್ಸುತ್ತೆ. ಇನ್ನೊಂದು ಸಲ ಅಗೆದು ನೋಡೋಣ."

ಹೇಳಿದ್ದು ಅವಳಲ್ಲ.