ಅಂಟದ ರೋಗ, ಅಂಟಿಸಿದ ಚೀಟಿ

ಕ್ಷೌರಿಕನ ಬೆರಳ ಸಂದಿಯಲ್ಲಿ ಶುರುವಾದ ತುರಿಕೆ ಮೂರು ತಿಂಗಳಲ್ಲಿ ಮಣಿಕಟ್ಟಿನವರೆಗೆ ಏರಿತ್ತು. ಚರ್ಮ ಕೆಂಪಾಗಿ ಬಿರಿದು, ಕತ್ತರಿ ಹಿಡಿದರೆ ಕೆಂಡ ಹಿಡಿದಂತೆ ಉರಿಯುತ್ತಿತ್ತು. ಟವೆಲಿನ ಮರೆಯಲ್ಲಿ ಕೈ ಬಚ್ಚಿಟ್ಟು ಹೇಗೋ ದಿನ ದೂಡುತ್ತಿದ್ದ. ಆದರೆ ಆ ಬೆಳಿಗ್ಗೆ ನಿವೃತ್ತ ಮೇಷ್ಟ್ರು ಗಡ್ಡ ಹೆರೆಸಿಕೊಳ್ಳಲು ಕನ್ನಡಕ ತೆಗೆಯದೆಯೇ ಕೂತರು.

"ಏನಪ್ಪಾ ಇದು, ಕಜ್ಜಿಯಾ?" ಎಂದವರೇ ಸೋಪು ಒರೆಸಿಕೊಂಡು ಎದ್ದರು.

ಮೇಷ್ಟ್ರಿಗೆ ತಿಳಿದರೆ ಡಂಗುರ ಸಾರಿದಂತೆಯೇ. ಎದುರಿನ ದರ್ಜಿ ಬಂದು ಬದನೆಕಾಯಿ ಬಿಡು ಎಂದ. ಬೀಗ ರಿಪೇರಿಯವನು ಇದು ಅಂಟುಜಾಡ್ಯವೇ ಸರಿ ಎಂದು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹತ್ತು ಮಾರು ದೂರದಿಂದ ಘೋಷಿಸಿದ. ಪಕ್ಕದ ಮನೆಯಾಕೆ, ನಿನ್ನ ಮಗಳನ್ನು ಮಾತ್ರ ಮುಟ್ಟಬೇಡ ಎಂದು ಎಚ್ಚರಿಸಿ ಹೋದಳು. ಆಮೇಲೆ ಮಧ್ಯಾಹ್ನದ ತನಕ ಅಂಗಡಿಯ ಹೊಸ್ತಿಲು ತುಳಿದದ್ದು ಒಂದು ಬೆಕ್ಕು ಮಾತ್ರ.

ಊಟಕ್ಕೆ ಮನೆಗೆ ಹೋದಾಗ ನಾಲ್ಕು ವರ್ಷದ ಮಗಳು ಎಂದಿನಂತೆ ಓಡಿಬಂದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೊರಗಿ ನಿಂತ. ಇದೇನೋ ಹೊಸ ಆಟವೆಂದುಕೊಂಡು ಅವಳೂ ಕೈ ಹಿಂದೆ ಕಟ್ಟಿ ಎದುರು ನಿಂತಳು. ಹೆಂಡತಿ ಇಬ್ಬರನ್ನೂ ನೋಡಿದಳು. ಒಲೆ ಆರಿಸಿ, ಚಪ್ಪಲಿ ಮೆಟ್ಟಿ, "ನಡೀರಿ ಡಾಕ್ಟರ ಹತ್ರ" ಎಂದಳು.

ಡಾಕ್ಟರಮ್ಮ ಅವನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಅಷ್ಟಕ್ಕೇ ಅವನ ಕಣ್ಣು ತುಂಬಿತು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ, ಕೆಲಸದಲ್ಲಿ ಏನೇನು ಮುಟ್ಟುತ್ತೀರಿ ಎಂದೆಲ್ಲ ವಿಚಾರಿಸಿ, ಕೊನೆಗೆ ಕೇಳಿದರು: "ರಜಾ ಇದ್ದಾಗ ಕಮ್ಮಿ ಆಗುತ್ತಾ?"

ಅವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಹೆಂಡತಿ, "ನನ್ನ ತಮ್ಮನ ಮನೇಲಿ ಎರಡು ವಾರ ಇದ್ದಾಗ ಪೂರ್ತಿ ಹೋಗಿತ್ತು, ಅಂಗಡಿ ತೆಗೆದ ಮೇಲೆ ಮತ್ತೆ ಶುರುವಾಯ್ತು" ಎಂದಳು.

"ಹಾಗಾದ್ರೆ ಇದು ಕೆಲಸದಿಂದ್ಲೇ ಬಂದಿರೋದು. ಕೂದಲಿಗೆ ಹಚ್ಚೋ ಬಣ್ಣ ನಿಮ್ಮ ಚರ್ಮಕ್ಕೆ ಒಗ್ತಿಲ್ಲ. ಯಾರಿಗೂ ಅಂಟಲ್ಲ. ಮಗೂನ ಧಾರಾಳವಾಗಿ ಎತ್ಕೊಳ್ಳಿ."

ಮುಲಾಮು ಕೊಟ್ಟರು, ಬಣ್ಣ ಹಚ್ಚುವಾಗ ಗ್ಲೌಸು ಹಾಕಿಕೊಳ್ಳಿ ಎಂದರು. ಅವನು ಅಂಗಲಾಚಿ ಇಷ್ಟನ್ನೂ ಬರವಣಿಗೆಯಲ್ಲಿ ಪಡೆದ, ಮೊಹರು ಸಮೇತ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಗೆದ್ದ ಪೈಲ್ವಾನನಂತೆ ಅಂಗಡಿಗೆ ಬಂದು, ಚೀಟಿಯನ್ನು ಬಾಗಿಲ ಗಾಜಿಗೆ ಅಂಟಿಸಿದ.

ಜನ ಸೇರಿದರು. ಮೇಷ್ಟ್ರು ಪಾಠ ಓದುವಂತೆ ಗಟ್ಟಿಯಾಗಿ ಓದಿದರು: "ಇದು ಅಂಟುರೋಗವಲ್ಲ." ಬೀಗದವನು ಕರ್ಚೀಫು ಬಿಚ್ಚಿದ. ದರ್ಜಿ ನಾಚಿಕೊಳ್ಳುತ್ತ ಒಳಗೆ ಬಂದು, ಮೀಸೆಗೆ ಬಣ್ಣ ಹಚ್ಚು ಎಂದು ಕುರ್ಚಿಯಲ್ಲಿ ಕೂತ. ಇನ್ನಿಬ್ಬರು ಬೆಂಚು ಹಿಡಿದರು. ಕ್ಷೌರಿಕ ಹೊಸ ಗ್ಲೌಸು ತೊಟ್ಟು ಅರ್ಧ ಮೀಸೆ ಮುಗಿಸಿದ್ದ. ಅಷ್ಟರಲ್ಲಿ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಎರಡನೇ ಸಾಲಿಗೆ ಬಂದರು.

"ಕಾರಣ, ಇವರ ಅಂಗಡಿಯಲ್ಲಿ ಬಳಸುವ ಕೂದಲಿನ ಬಣ್ಣ."

ದರ್ಜಿ ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಂಡ. ಆಮೇಲೆ ಗ್ಲೌಸು ನೋಡಿದ. "ನೀನು ಮಾತ್ರ ಗ್ಲೌಸು ಹಾಕ್ಕೊಂಡಿದೀಯ" ಎಂದು ಮೆಲ್ಲಗೆ ಹೇಳಿ, ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ ಮೀಸೆಯೊಂದಿಗೆ ನಲ್ಲಿಯತ್ತ ಓಡಿದ. ಬೆಂಚೂ ಅವನ ಹಿಂದೆಯೇ ಬರಿದಾಯಿತು.

ಹೆಂಡತಿ ಬಂದು ಖಾಲಿ ಕುರ್ಚಿಯಲ್ಲಿ ಕೂತು ಜಡೆ ಬಿಚ್ಚಿದಳು.

"ತುದಿ ಎರಡು ಬೆರಳಷ್ಟು ಕತ್ತರಿಸಿ" ಎಂದಳು. ಬಾಗಿಲ ಚೀಟಿಯತ್ತ ಕಣ್ಣು ಹಾಯಿಸಿ, "ಬಣ್ಣ ಬೇಡ" ಎಂದಳು.